ಯಾರ ದುಡ್ಡು, ಯಾವ ವಾಯಿದೆ

ಡೊಂಬಿವಲಿ ನಾಗರಿ ಸಹಕಾರಿ ಬ್ಯಾಂಕ್ ಹುಟ್ಟಿದ್ದು 1970ರಲ್ಲಿ, ಠಾಣೆ ಜನತಾ ಸಹಕಾರಿ ಬ್ಯಾಂಕ್ 1972ರಲ್ಲಿ, ಕಲ್ಯಾಣ ಜನತಾ ಸಹಕಾರಿ ಬ್ಯಾಂಕ್ 1973ರಲ್ಲಿ. ಮಧ್ಯ ರೈಲ್ವೆಯ ಒಂದೇ ಹಳಿಯ ಮೇಲೆ ಮೂರು ಊರು, ನಾಲ್ಕು ವರ್ಷದೊಳಗೆ ಮೂರು ಬ್ಯಾಂಕು. ಆಗಿನ್ನೂ ಯಾರ ಬಾಯಲ್ಲೂ ‘ಸಾಮಾಜಿಕ ಉದ್ಯಮ’ ಎಂಬ ಮಾತು ಇರಲಿಲ್ಲ. ಇವತ್ತು ಪೊವಾಯಿಯ ಸಭಾಂಗಣಗಳಲ್ಲಿ, ಏರೋಲಿಯ ಐಟಿ ಪಾರ್ಕುಗಳಲ್ಲಿ ಅದೇ ಮಾತಿಗೆ ವಿಚಾರ ಸಂಕಿರಣ ನಡೆಯುತ್ತದೆ. ಲೋಕಕ್ಕೆ ಒಳ್ಳೆಯದನ್ನು ಮಾಡಬೇಕು, ಅದಕ್ಕೆ ಹಣ ಬೇಕು, ಹಣ ಕೊಟ್ಟವನು ಬೆಳೆಯಿರಿ ಎನ್ನುತ್ತಾನೆ, ಬೆಳೆಯುತ್ತಾ ಹೋದರೆ ಹೊರಟ ಕೆಲಸವೇ ಮರೆತುಹೋಗುತ್ತದೆ: ಇದು ಅಲ್ಲಿ ಮತ್ತೆ ಮತ್ತೆ ಕೇಳುವ ಗೋಳು. ಗೋಳು ಸುಳ್ಳಲ್ಲ. ಆದರೆ ಇದನ್ನು ಆದರ್ಶಕ್ಕೂ ದುಡ್ಡಿಗೂ ನಡುವಿನ ಕುಸ್ತಿ ಎಂದು ನೋಡಿದರೆ ಏನೂ ತಿಳಿಯುವುದಿಲ್ಲ. ಯಾರ ದುಡ್ಡು, ಅದನ್ನು ಯಾವಾಗ ಹಿಂತಿರುಗಿಸಬೇಕು, ಕೊಟ್ಟವರಿಗೆ ಪ್ರಶ್ನೆ ಕೇಳುವ ದಾರಿ ಇದೆಯೇ ಎಂದು ವಿಚಾರಿಸಿದರೆ ಒಂದಿಷ್ಟು ತಿಳಿಯುತ್ತದೆ. ಅದಕ್ಕೆ ನಮ್ಮ ಈ ಹಳಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಎಪ್ಪತ್ತರ ದಶಕದ ಡೊಂಬಿವಲಿ ಎಂದರೆ ಮುಂಬಯಿಯಲ್ಲಿ ಖೋಲಿ ಸಿಗದವರು ಬಂದು ನೆಲೆನಿಂತ ಊರು. ಕಚೇರಿಯ ಗುಮಾಸ್ತರು, ಗಿರಣಿ ಕಾರ್ಮಿಕರು, ಶಾಲಾ ಮಾಸ್ತರರು, ಹೋಟೆಲಿನ ಗಲ್ಲಾದಲ್ಲಿ ಕೂರುವ ನಮ್ಮ ಉಡುಪಿ–ಮಂಗಳೂರು ಕಡೆಯವರು. 1969ರಲ್ಲಿ ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾದವು, ಸರಿ. ಆದರೆ ಒಂದು ಖೋಲಿಯ ಪಗಡಿ ಮುಂಗಡಕ್ಕೋ ಹೊಲಿಗೆ ಯಂತ್ರಕ್ಕೋ ಸಾಲ ಕೇಳುವವನು ಅಲ್ಲಿ ಜಾಮೀನು ಹೊಂದಿಸುವುದರಲ್ಲೇ ಸುಸ್ತಾಗುತ್ತಿದ್ದ. ಊರಿನವರ ಉಳಿತಾಯ ಊರಿನವರಿಗೇ ಸಾಲವಾಗಿ ಸಿಗಲಿ ಎಂಬ ಲೆಕ್ಕ ಹುಟ್ಟಿದ್ದು ಹೀಗೆ.

ಕನ್ನಡಿಗರಿಗಂತೂ ಈ ಲೆಕ್ಕ ಹೊಸದಲ್ಲ. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಎರಡೇ ವರ್ಷಕ್ಕೆ, 1906ರ ಡಿಸೆಂಬರಿನಲ್ಲಿ, ಶ್ರೀಪಾದ ಸುಬ್ಬರಾವ್ ತಲ್ಮಕಿ ತಮ್ಮ ಗುರು ಶಾಮರಾವ್ ವಿಠ್ಠಲ್ ಕೈಕಿಣಿಯವರ ಹೆಸರಿನಲ್ಲಿ ಮುಂಬಯಿಯಲ್ಲಿ ಪತ್ತಿನ ಸಂಘ ಕಟ್ಟಿದರು. ಉತ್ತರ ಕನ್ನಡದಿಂದ ಹೊಟ್ಟೆಪಾಡಿಗೆ ಬಂದ ಚಿತ್ರಾಪುರ ಸಾರಸ್ವತರಿಗಾಗಿ ಶುರುವಾದ ಆ ಸಂಘವೇ ಇವತ್ತಿನ ಎಸ್‌ವಿಸಿ ಬ್ಯಾಂಕ್. ಬರೀ ಸಾಲ ಸಾಕಾಗದು, ತಲೆಯ ಮೇಲೊಂದು ಸೂರೂ ಬೇಕೆಂದು 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಗೃಹನಿರ್ಮಾಣ ಸಂಘವನ್ನೂ ಅವರೇ ನಿಲ್ಲಿಸಿದರು. ಮೊಗವೀರರು 1946ರಲ್ಲಿ ತಮ್ಮ ಬ್ಯಾಂಕ್ ಕಟ್ಟಿದರು. ಬಿಲ್ಲವರ ಭಾರತ್ ಬ್ಯಾಂಕ್ ಬಂದದ್ದು 1978ರಲ್ಲಿ. ಇಂಥದೇ ಲೆಕ್ಕ ಊರಿನಲ್ಲೂ ನಡೆದಿತ್ತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ತೆರೆದ ಸಿಂಡಿಕೇಟ್, 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟನೇ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿ ತರುವ ಪದ್ಧತಿ ಅದು. ನೇಕಾರನ ಎರಡಾಣೆ ಬೇರೊಬ್ಬ ನೇಕಾರನ ಮಗ್ಗಕ್ಕೆ ಬಂಡವಾಳವಾಯಿತು.

ಆ ಪಿಗ್ಮಿಯನ್ನು ಇವತ್ತೂ ಡೊಂಬಿವಲಿ ಪೂರ್ವದಲ್ಲಿ ನೋಡಬಹುದು. ಮಧ್ಯಾಹ್ನ ಮೂರರ ಹೊತ್ತು, ಊಟದ ಗಿರಾಕಿ ಮುಗಿದು ಸಂಜೆಯ ಚಹಾ ಇನ್ನೂ ಶುರುವಾಗದ ಹೊತ್ತು. ಪತ್‌ಪೇಢಿಯ, ಅಂದರೆ ಪತ್ತಿನ ಸಂಘದ, ಏಜೆಂಟ್ ಹೋಟೆಲಿನ ಗಲ್ಲಾದ ಎದುರು ಬಂದು ನಿಲ್ಲುತ್ತಾನೆ, ಕೈಯಲ್ಲಿ ರಸೀದಿ ಉಗುಳುವ ಪುಟ್ಟ ಯಂತ್ರ. ಮಾಲೀಕರದು ಇನ್ನೂರು, ಭಟ್ಟಿಯ ಮುಂದಿನವನದು ಐವತ್ತು, ಪಕ್ಕದ ಪಾನ್‌ಬೀಡಾ ಅಂಗಡಿಯವನದು ನೂರು. ಎರಡು ನಿಮಿಷದ ಕೆಲಸ. ಈ ಏಜೆಂಟನಿಗೆ ಯಾರ ವ್ಯಾಪಾರ ಇಳಿದಿದೆ, ಯಾರ ಮನೆಯಲ್ಲಿ ಮದುವೆ, ಯಾರು ಹತ್ತು ದಿನದಿಂದ ತಪ್ಪಿಸುತ್ತಿದ್ದಾರೆ ಎಲ್ಲ ಗೊತ್ತು. ಯಾವ ಕ್ರೆಡಿಟ್ ಸ್ಕೋರೂ ಅಷ್ಟನ್ನು ಹೇಳದು.

ಸಹಕಾರಿ ಪದ್ಧತಿಯ ಜಾಣತನ ಇರುವುದು ಅದರ ಕಟ್ಟಳೆಯಲ್ಲಿ. ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಲಾಭಾಂಶಕ್ಕೆ ಕಾನೂನಿನ ಮಿತಿಯಿದೆ. ಮಹಾರಾಷ್ಟ್ರದ 1960ರ ಕಾಯ್ದೆಯಲ್ಲಿ ಅದು ಶೇ. 15. ಬ್ಯಾಂಕು ನೂರು ಪಟ್ಟು ಬೆಳೆದರೂ ಷೇರು ಹಿಂತಿರುಗಿಸುವಾಗ ಕೈಗೆ ಬರುವುದು ಮುಖಬೆಲೆಯೇ. ಸ್ಥಾಪಿಸಿದವನು ಅದರಿಂದ ಕೋಟ್ಯಧಿಪತಿಯಾಗುವ ದಾರಿಯೇ ಇಲ್ಲ. ಆದರ್ಶವನ್ನು ಮನುಷ್ಯನ ಒಳ್ಳೆಯತನಕ್ಕೆ ಬಿಡದೆ ನಿಯಮಕ್ಕೆ ಕಟ್ಟಿಹಾಕಿದ್ದು ಇಲ್ಲಿ ನನಗೆ ದೊಡ್ಡದಾಗಿ ಕಾಣುತ್ತದೆ.

ಆದರೆ ಅದೇ ಕಟ್ಟಳೆ ಕೈಯನ್ನೂ ಕಟ್ಟುತ್ತದೆ. ಷೇರಿನ ಬೆಲೆ ಏರದಿದ್ದರೆ ಹೊರಗಿನ ಬಂಡವಾಳ ಬರದು. ರಿಸರ್ವ್ ಬ್ಯಾಂಕು ಬಂಡವಾಳದ ಪ್ರಮಾಣ ಇಷ್ಟಿರಲಿ, ಗಣಕ ವ್ಯವಸ್ಥೆ ಹೀಗಿರಲಿ, ಲೆಕ್ಕ ತಪಾಸಣೆ ಹಾಗಿರಲಿ ಎಂದು ವರ್ಷವರ್ಷವೂ ಬಿಗಿ ಮಾಡುತ್ತದೆ. ಆ ಖರ್ಚು ಐದು ಶಾಖೆಯ ಬ್ಯಾಂಕಿಗೆ ಭಾರ, ನೂರು ಶಾಖೆಗೆ ಹಗುರ. ಹಾಗಾಗಿ ಬೆಳೆಯಲೇಬೇಕು. ಬೆಳೆದಂತೆ ಸಾಲಗಾರ ಪರಿಚಿತನಾಗಿ ಉಳಿಯುವುದಿಲ್ಲ. ವಾರ್ಷಿಕ ಮಹಾಸಭೆಗೆ ಬರುವವರು ಕಡಿಮೆಯಾಗುತ್ತಾರೆ, ಬಂದವರೂ ಜಮಾಖರ್ಚಿನ ಪುಟ ತೆರೆಯದೆ ಉಪಾಹಾರದ ಕಡೆ ನೋಡುತ್ತಾರೆ. ಒಂದು ಮತದ ಹಕ್ಕು ಕಾಗದದಲ್ಲಿ ಇರುತ್ತದೆ, ಅದನ್ನು ಚಲಾಯಿಸುವವನು ಇರುವುದಿಲ್ಲ.

ಹಾಗಾದಾಗ ಏನಾಗುತ್ತದೆಂದು 2019ರ ಸೆಪ್ಟೆಂಬರ್ 23ರ ನಂತರ ಇಡೀ ಮುಂಬಯಿ ನೋಡಿತು. ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿದಾರರಿಗೆ ಮೊದಲು ಸಿಗುತ್ತಿದ್ದದ್ದು ಬರೀ ಒಂದು ಸಾವಿರ ರೂಪಾಯಿ. ಸಾಲದ ಶೇ. 70ಕ್ಕಿಂತ ಹೆಚ್ಚು ಪಾಲು ಎಚ್‌ಡಿಐಎಲ್ ಎಂಬ ಒಂದೇ ಬಿಲ್ಡರ್ ಸಮೂಹಕ್ಕೆ ಹೋಗಿತ್ತು, ಸಾವಿರಾರು ಖೊಟ್ಟಿ ಖಾತೆಗಳ ಹಿಂದೆ ಅದನ್ನು ಅಡಗಿಸಲಾಗಿತ್ತು. 2020ರ ಜನವರಿಯಲ್ಲಿ ಬೆಂಗಳೂರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಬಾಗಿಲಲ್ಲೂ ಅದೇ ಸಾಲು, ಅದೇ ಕಣ್ಣೀರು. ನಿಂತವರಲ್ಲಿ ಬಹಳ ಜನ ನಿವೃತ್ತರು. ಆ ಫೆಬ್ರುವರಿಯಲ್ಲಿ ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಈ ಬ್ಯಾಂಕುಗಳು ಮುಳುಗಿದ್ದು ಬೆಳೆದದ್ದಕ್ಕಲ್ಲ. ಒಡೆಯರಾದ ಸದಸ್ಯರು ಗಿರಾಕಿಗಳಾಗಿಬಿಟ್ಟರು. ಗಿರಾಕಿ ಕೇಳುವುದು ಬಡ್ಡಿ ಎಷ್ಟು ಎಂದು, ಸಾಲ ಯಾರಿಗೆ ಕೊಟ್ಟಿರಿ ಎಂದಲ್ಲ.

ಹೊರಗಿನ ಬಂಡವಾಳ ಮುಟ್ಟದೆ ಬೆಳೆದವರ ಮಾತು ಬಂದರೆ ಲಿಜ್ಜತ್ ಹಪ್ಪಳದವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 1959ರ ಮಾರ್ಚ್ 15ರಂದು ಗಿರ್‌ಗಾಂವ್‌ನ ಒಂದು ಮಾಳಿಗೆಯ ಮೇಲೆ ಏಳು ಹೆಂಗಸರು, ಎಂಬತ್ತು ರೂಪಾಯಿ ಸಾಲ. ಈ ಕಥೆ ಎಲ್ಲರಿಗೂ ಬಾಯಿಪಾಠ. ಅಷ್ಟು ಪ್ರಚಾರವಿಲ್ಲದ್ದು ಅದರ ದಿನಚರಿ. ಕೇಂದ್ರದಲ್ಲಿ ಉದ್ದಿನ ಹಿಟ್ಟು ಕಲಸಿ ತೂಕ ಮಾಡಿ ಕೊಡುತ್ತಾರೆ. ‘ಬೆಹೆನ್’ ಎನ್ನಿಸಿಕೊಳ್ಳುವ ಸದಸ್ಯೆ ಅದನ್ನು ಮನೆಗೆ ಒಯ್ದು ಲಟ್ಟಿಸಿ ಒಣಗಿಸಿ ಮರುದಿನ ತರುತ್ತಾಳೆ. ಹಪ್ಪಳವನ್ನು ಮತ್ತೆ ತೂಗುತ್ತಾರೆ, ಗಾತ್ರ–ತೆಳುವು ನೋಡುತ್ತಾರೆ, ಅಲ್ಲೇ ಕೂಲಿ ಎಣಿಸಿ ಕೊಡುತ್ತಾರೆ, ಹೊಸ ಹಿಟ್ಟು ಕೈಗಿಡುತ್ತಾರೆ. ಉಗ್ರಾಣದ ಖರ್ಚಿಲ್ಲ, ಉದ್ರಿ ಇಲ್ಲ. ಲಾಭ ಬಂದರೆ ಸದಸ್ಯೆಯರೇ ಹಂಚಿಕೊಳ್ಳುತ್ತಾರೆ. ದಾನ ತೆಗೆದುಕೊಳ್ಳುವುದಿಲ್ಲ ಎಂದು ಶುರುವಿನಲ್ಲೇ ನಿಶ್ಚಯಿಸಿದ್ದರು. ಹಾಗೆಂದು ಸರ್ಕಾರದ ನೆರವನ್ನು ದೂರ ಇಟ್ಟವರೂ ಅಲ್ಲ: 1966ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮಾನ್ಯತೆ ಸಿಕ್ಕಿ, ದುಡಿಯುವ ಬಂಡವಾಳವಾಗಿ ಎಂಟು ಲಕ್ಷ ರೂಪಾಯಿ ಬಂತು. ಸ್ವಾಭಿಮಾನದ ಕಥೆ ಹೇಳುವವರು ಈ ಎಂಟು ಲಕ್ಷವನ್ನು ಹಾರಿಸಿಬಿಡುತ್ತಾರೆ. ಹಾರಿಸಬಾರದು.

1975ರಲ್ಲಿ ಪ್ರೇಮಾ ಪುರವ್ ಕಟ್ಟಿದ ಅನ್ನಪೂರ್ಣ ಮಹಿಳಾ ಮಂಡಳದ ಹಾದಿ ಸ್ವಲ್ಪ ಬೇರೆ. ಮುಂಬಯಿಯ ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನಲ್ಲಿ ಕಾರ್ಮಿಕರಿಗೆ ಖಾನಾವಳಿ ನಡೆಸುತ್ತಿದ್ದ ಹೆಂಗಸರು ಲೇವಾದೇವಿಯವರ ಕೈಯಲ್ಲಿ ಸಿಕ್ಕಿಬಿದ್ದಿದ್ದರು. ಮಂಡಳ ಅವರ ಪರವಾಗಿ ನಿಂತು ರಾಷ್ಟ್ರೀಕೃತ ಬ್ಯಾಂಕಿನಿಂದ ಸಾಲ ಕೊಡಿಸಿತು. ಗಿರಣಿಗಳು ಮುಚ್ಚಿದ ಮೇಲೆ ಊಟಕ್ಕೆ ಬರುವವರೇ ಇಲ್ಲವಾದರು; ಕೆಲಸ ವಾಶಿಯವರೆಗೆ ಚಾಚಿಕೊಂಡಿತು, ಸ್ವರೂಪವೂ ಬದಲಾಯಿತು. ಡೊಂಬಿವಲಿಯ ಬೀದಿಬೀದಿಯಲ್ಲಿರುವ ಪೋಳಿ–ಭಾಜಿ ಕೇಂದ್ರಗಳು ಆ ಖಾನಾವಳಿಗಳ ಸೊಸೆಯಂದಿರು ಎನ್ನಬಹುದು. ಸಂಜೆ ಲೋಕಲ್ ಇಳಿದ ಹೆಂಗಸು ಹತ್ತು ಚಪಾತಿ, ಎರಡು ಪಲ್ಯ ಕಟ್ಟಿಸಿಕೊಂಡು ಹೋಗುತ್ತಾಳೆ. ದುಡಿಯುವವಳೂ ಹೆಂಗಸು, ಕೊಳ್ಳುವವಳೂ ಹೆಂಗಸು. ಇವರಲ್ಲಿ ಯಾರೂ ತಮ್ಮನ್ನು ಸಾಮಾಜಿಕ ಉದ್ಯಮಿ ಎಂದು ಕರೆದುಕೊಳ್ಳುವುದಿಲ್ಲ, ಅವರಿಗೆ ಅನುದಾನ ಕೊಡಲು ಯಾರೂ ಬರುವುದೂ ಇಲ್ಲ.

ಅನುದಾನ ಬರುವುದು ಬೇರೆ ಕಡೆ. 2014ರ ಏಪ್ರಿಲ್ ಒಂದರಿಂದ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಕಾನೂನು ಜಾರಿಯಾಗಿದೆ. ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿ, ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ನವಿ ಮುಂಬಯಿಯ ಗ್ರೀನ್‌ಸೋಲ್ ಈ ಹಣದ ಕಾಲದಲ್ಲಿ ಬೆಳೆದ ಕೂಸು. ಶ್ರಿಯಾಂಸ್ ಭಂಡಾರಿ, ರಮೇಶ್ ಧಾಮಿ ಎಂಬ ಇಬ್ಬರು ಓಟಗಾರರಿಗೆ ಹೊಳೆದ ವಿಚಾರ ಸರಳ: ಓಡಿ ಓಡಿ ಶೂವಿನ ಮೇಲ್ಭಾಗ ಹರಿಯುತ್ತದೆ, ಅಟ್ಟೆ ಗಟ್ಟಿಯಾಗಿಯೇ ಇರುತ್ತದೆ; ಅದನ್ನು ಕತ್ತರಿಸಿ ಚಪ್ಪಲಿ ಮಾಡಿ ಶಾಲೆಯ ಮಕ್ಕಳಿಗೆ ಕೊಟ್ಟರೆ? ಖರ್ಚು ಕಂಪನಿ ಕೊಡುತ್ತದೆ, ಚಪ್ಪಲಿ ಮಗುವಿನ ಕಾಲಿಗೆ ಹೋಗುತ್ತದೆ. ಒಳ್ಳೆಯ ಕೆಲಸ, ಒಳ್ಳೆಯ ಲೆಕ್ಕ. ಠಾಣೆಯ ತೀನ್ ಹಾತ್ ನಾಕಾದ ಮೇಲ್ಸೇತುವೆಯ ಕೆಳಗೆ 2016ರಲ್ಲಿ ಶುರುವಾದ ಸಿಗ್ನಲ್ ಶಾಲೆಯದು ಇನ್ನೂ ಕಷ್ಟದ ಕೆಲಸ. ಸಿಗ್ನಲ್ಲಿನಲ್ಲಿ ಹೂವು–ಆಟಿಕೆ ಮಾರುತ್ತಿದ್ದ ಮಕ್ಕಳನ್ನು ಕಂಟೇನರುಗಳಲ್ಲಿ ಕೂರಿಸಿ ಓದಿಸುವ ಈ ಶಾಲೆಯನ್ನು ಸಮರ್ಥ ಭಾರತ ವ್ಯಾಸಪೀಠವು ಠಾಣೆ ಮಹಾನಗರಪಾಲಿಕೆಯ ಜೊತೆ ನಡೆಸುತ್ತದೆ. ಚಪ್ಪಲಿಯನ್ನು ಜೋಡಿಗಳಲ್ಲಿ ಎಣಿಸಬಹುದು. ಸಿಗ್ನಲ್ಲಿನ ಮಗು ಹತ್ತನೇ ಇಯತ್ತೆ ದಾಟುವುದಕ್ಕೆ ಹತ್ತು ವರ್ಷ ಬೇಕು.

ಸಿಎಸ್‌ಆರ್ ಹಣದ ವಾಯಿದೆ ಬಹುಮಟ್ಟಿಗೆ ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31. ಜನವರಿಯಿಂದಲೇ ಸಂಸ್ಥೆಗಳಿಗೆ ಫೋನು: ಇಷ್ಟು ಹಣ ಉಳಿದಿದೆ, ಮಾರ್ಚ್ ಒಳಗೆ ಖರ್ಚಾಗುವ ಏನಾದರೂ ಇದೆಯೇ? ಚಾಲ್ತಿ ಯೋಜನೆಯ ಹಣವನ್ನು ಮೂರು ವರ್ಷ ಕಾದಿರಿಸಲು 2021ರ ತಿದ್ದುಪಡಿಯಲ್ಲಿ ಅವಕಾಶ ಸಿಕ್ಕಿದ್ದರೂ ಅಭ್ಯಾಸ ಸುಲಭಕ್ಕೆ ಬಿಡದು. ಖರ್ಚಾಗುವಂಥದ್ದು ಎಂದರೆ ಪುಸ್ತಕ, ಬೆಂಚು, ಟ್ಯಾಬ್, ಶೌಚಾಲಯ. ಗೋಡೆಯ ಮೇಲೆ ಲೋಗೋ, ಅದರ ಮುಂದೆ ಫೋಟೋ. ಖರ್ಚಾಗದ್ದು ಎಂದರೆ ಶಿಕ್ಷಕಿಯ ಸಂಬಳ, ಲೆಕ್ಕ ಬರೆಯುವವನ ಸಂಬಳ, ಬಾಡಿಗೆ. ವಿದೇಶಿ ದೇಣಿಗೆಗೂ ಇದೇ ಗತಿ. 2020ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ತಿದ್ದುಪಡಿಯ ನಂತರ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ, ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ಹಂಚುವಂತೆಯೂ ಇಲ್ಲ. ದೊಡ್ಡ ಸಂಸ್ಥೆಯ ನೆರಳಲ್ಲಿದ್ದ ಸಣ್ಣವರು ಇದರಿಂದ ಸೊರಗಿದರು. ದಾನಿಯ ದುಡ್ಡು ಹಿಂತಿರುಗಿಸಬೇಕಾಗಿಲ್ಲ, ನಿಜ. ಆದರೆ ಫಲಾನುಭವಿಗೆ ಅಲ್ಲಿ ಮತವಿಲ್ಲ, ಕೊಳ್ಳದೆ ಇರುವ ಸ್ವಾತಂತ್ರ್ಯವೂ ಇಲ್ಲ. ಚಪ್ಪಲಿ ಕಚ್ಚುತ್ತದೆ ಎಂದು ಮಗು ಯಾರಿಗೆ ಹೇಳಬೇಕು?

ಹೂಡಿಕೆದಾರರ ದುಡ್ಡಿನ ಪಾಠ ಕಲಿಯಲು ಕರ್ನಾಟಕಕ್ಕೆ ಹೋಗಬೇಕು. ಹರೀಶ್ ಹಂದೆ 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೆಲ್ಕೋ ಶುರುಮಾಡಿದಾಗ, ಬಡವರ ಮನೆಗೆ ಸೌರ ದೀಪ ಮಾರುತ್ತೇನೆ ಎಂದರೆ ನಗುವವರೇ ಹೆಚ್ಚು. ಬಡವರಿಗೆ ಕೊಳ್ಳುವ ಶಕ್ತಿಯಿಲ್ಲ ಎಂಬ ಮಾತನ್ನು ಹಂದೆ ಒಪ್ಪಲಿಲ್ಲ. ತಿಂಗಳಿಗೆ ಮುನ್ನೂರು ಎಂದರೆ ತಳ್ಳುಗಾಡಿಯವನಿಗೆ ಭಾರ, ದಿನಕ್ಕೆ ಹತ್ತು ಎಂದರೆ ಆಗಬಹುದು. ಅವನ ಸಂಪಾದನೆ ದಿನದ್ದು, ಕಂತೂ ದಿನದ್ದೇ ಆಗಬೇಕು. ಪಿಗ್ಮಿಯ ನಾಡಿನಲ್ಲಿ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಸಿಂಡಿಕೇಟ್ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳು ದೀಪಕ್ಕೆ ಸಾಲ ಕೊಟ್ಟವು. ಪೆಟ್ಟು ಬಿದ್ದದ್ದು ಹತ್ತು ವರ್ಷದ ಮೇಲೆ. ಜರ್ಮನಿ ಸೌರವಿದ್ಯುತ್ತಿಗೆ ಪ್ರೋತ್ಸಾಹ ಕೊಟ್ಟಿದ್ದರಿಂದ ಜಗತ್ತಿನ ಪ್ಯಾನೆಲ್‌ಗಳೆಲ್ಲ ಅತ್ತ ಹರಿದು ಬೆಲೆ ಏರಿತು. ಬೇಗ ಹರಡಬೇಕೆಂದು ಡೀಲರುಗಳ ಕೈಗೆ ಕೊಟ್ಟ ವ್ಯಾಪಾರ ಕೈಕೊಟ್ಟಿತು. ಕಂಪನಿ ನಷ್ಟಕ್ಕಿಳಿಯಿತು. ಆಗ ಸೆಲ್ಕೋ ಉಳಿದದ್ದು ಹೂಡಿಕೆದಾರರನ್ನೇ ಬದಲಾಯಿಸಿ. ಬೇಗ ಲಾಭ ಕೇಳುವವರ ಜಾಗಕ್ಕೆ ಕಾಯಲು ಸಿದ್ಧರಿದ್ದವರು ಬಂದರು. ಪ್ರಯೋಗಗಳಿಗಾಗಿ 2010ರಲ್ಲಿ ಪ್ರತ್ಯೇಕ ಪ್ರತಿಷ್ಠಾನ ಬಂತು. ದೀಪ ಮಾರಿ ಬಂದ ಹಣ ಕಂಪನಿಗೆ, ಸೋಲಬಹುದಾದ ಪ್ರಯೋಗಕ್ಕೆ ದಾನದ ಹಣ. 2011ರಲ್ಲಿ ಹಂದೆಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಎಲ್ಲರೂ ದೀಪದ ಬಗ್ಗೆ ಬರೆದರು. ನನ್ನ ಮಟ್ಟಿಗೆ ದೀಪಕ್ಕಿಂತ ದೊಡ್ಡದು ಹಣದ ಆ ಎರಡು ಪೆಟ್ಟಿಗೆಗಳು.

ಇನ್ನೊಂದು ತುದಿಯಲ್ಲಿ ಕಿರುಸಾಲ ಕೊಡುವ ಎಸ್‌ಕೆಎಸ್. ತೊಂಬತ್ತರ ದಶಕದ ಕೊನೆಯಲ್ಲಿ ಆಂಧ್ರದಲ್ಲಿ ವಿಕ್ರಂ ಅಕುಲಾ ಸೇವಾಸಂಸ್ಥೆಯಾಗಿ ಆರಂಭಿಸಿದ್ದು, ಸಾಹಸ ಬಂಡವಾಳ ಪಡೆದು ಕಂಪನಿಯಾಗಿ, 2010ರ ಆಗಸ್ಟಿನಲ್ಲಿ ಷೇರುಪೇಟೆಗೆ ಬಂತು. ಷೇರಿಗೆ ಮುಗಿಬಿದ್ದರು. ಎರಡು ತಿಂಗಳೂ ಕಳೆದಿರಲಿಲ್ಲ, ಸಾಲ ವಸೂಲಿಯ ಕಿರುಕುಳ, ಆತ್ಮಹತ್ಯೆಗಳ ದೂರುಗಳು ಎದ್ದು ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅಲ್ಲಿನ ಕಿರುಸಾಲದ ವಹಿವಾಟೇ ಕುಸಿಯಿತು. ಹದಿನಾಲ್ಕು ವರ್ಷದ ನಂತರ, 2025ರ ಫೆಬ್ರುವರಿಯಲ್ಲಿ, ಕರ್ನಾಟಕವೂ ಅಂಥದೇ ದೂರುಗಳಿಗೆ ಅಂಥದೇ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಗುಂಪಿನ ಹೆಂಗಸರು ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು ಒಳ್ಳೆಯ ಉಪಾಯವೇ. ತ್ರೈಮಾಸಿಕ ಫಲಿತಾಂಶದ ಒತ್ತಡದಲ್ಲಿ ಅದೇ ಜಾಮೀನು ಒಬ್ಬಳ ಮನೆ ಮುಂದೆ ಒಂಬತ್ತು ಜನ ಬಂದು ನಿಲ್ಲುವ ಹಿಂಸೆಯಾಗುತ್ತದೆ. ವಾಯಿದೆ ಮೂರು ತಿಂಗಳಿಗೊಮ್ಮೆ ಬಂದರೆ, ಮಳೆ ತಡವಾದ ವರ್ಷಕ್ಕೆ ಕಾಯುವವರು ಯಾರು?

ಈ ನಡುವೆ ಬೆಳೆಯುವ ಆತುರವಿಲ್ಲದವರೂ ಇದ್ದಾರೆ. ಪುಂಡಲೀಕ ಪೈ ಡೊಂಬಿವಲಿಯಲ್ಲಿ 1986ರಲ್ಲಿ ತೆರೆದ ಫ್ರೆಂಡ್ಸ್ ಲೈಬ್ರರಿ ಸದಸ್ಯರ ಚಂದಾದಲ್ಲೇ ನಡೆದುಬಂದಿದೆ. ಟಿವಿ ಬಂತು, ಮೊಬೈಲ್ ಬಂತು, ಊರಿನ ಎಷ್ಟೋ ಬಾಡಿಗೆ ಪುಸ್ತಕದಂಗಡಿಗಳು ಮುಚ್ಚಿದವು. ಇದು ಶಾಖೆಗಳನ್ನು ತೆರೆಯಿತು, ಮನೆಬಾಗಿಲಿಗೆ ಪುಸ್ತಕ ಕಳಿಸಿತು. ಓದಿ ಮುಗಿಸಿದ ಪುಸ್ತಕ ತಂದುಕೊಟ್ಟು ಬೇರೊಂದನ್ನು ಒಯ್ಯುವ ‘ಪುಸ್ತಕ ಆದಾನ್ ಪ್ರದಾನ್’ ನಡೆದಾಗ ಜನ ಚೀಲ ಹೊತ್ತು ಬರುತ್ತಾರೆ. ಡೊಂಬಿವಲಿಯಿಂದ ಬೆಂಗಳೂರಿಗೋ ದಿಲ್ಲಿಗೋ ಇದನ್ನು ಹರಡಲಿಲ್ಲವಲ್ಲ ಎಂದು ಹೂಡಿಕೆದಾರ ಕೇಳಬಹುದು. ಓದುವವರು ಇರುವ ಊರನ್ನು ಆರಿಸಿಕೊಂಡು ಅಲ್ಲೇ ಬೇರೂರುವುದೂ ವ್ಯಾಪಾರದ ಜಾಣ್ಮೆಯೇ. ಆದರೆ ಚಿಕ್ಕದಾಗಿರುವುದನ್ನೇ ಪುಣ್ಯವೆಂದು ಹೊಗಳುವುದೂ ನನಗೆ ಸೇರದು. ಒಬ್ಬ ಮನುಷ್ಯನ ಹುಮ್ಮಸ್ಸಿನ ಮೇಲೆ ನಿಂತ ಸಂಸ್ಥೆಗೆ ಎರಡನೆಯ ತಲೆಮಾರಿನ ಪ್ರಶ್ನೆ ತಪ್ಪಿದ್ದಲ್ಲ. ಸಿಂಡಿಕೇಟ್ ಚಿಕ್ಕದಾಗಿಯೇ ಉಳಿದಿದ್ದರೆ ಪಿಗ್ಮಿ ಉಡುಪಿಯ ರಥಬೀದಿ ದಾಟುತ್ತಿರಲಿಲ್ಲ. ಬೆಳೆದ ಸಿಂಡಿಕೇಟ್ ರಾಷ್ಟ್ರೀಕರಣವಾಗಿ, 2020ರ ಏಪ್ರಿಲ್ ಒಂದರಂದು ಕೆನರಾ ಬ್ಯಾಂಕಿನಲ್ಲಿ ಕರಗಿಯೂ ಹೋಯಿತು.

ಈಗಿನ ಹೊಸ ಸುದ್ದಿ ಸಾಮಾಜಿಕ ಷೇರುಪೇಟೆ. 2019ರ ಬಜೆಟ್ಟಿನಲ್ಲಿ ಪ್ರಸ್ತಾಪವಾಗಿ, 2022ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮಗಳು ಬಂದು, 2023ರ ಡಿಸೆಂಬರಿನಲ್ಲಿ ಮೊದಲ ಸಂಸ್ಥೆಯಾಗಿ ಅಲ್ಲಿ ಹಣ ಎತ್ತಿದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್. ಯುವಕರಿಗೆ ಉದ್ಯೋಗ ತರಬೇತಿ ಕೊಡುವ ಸಂಸ್ಥೆ ಅದು. ಅವರು ಹೊರಡಿಸಿದ ಪತ್ರಕ್ಕೆ ಬಡ್ಡಿಯೂ ಇಲ್ಲ, ಅಸಲೂ ವಾಪಸು ಬರುವುದಿಲ್ಲ. ಅಂದರೆ ದಾನವೇ, ರಸೀದಿ ಮಾತ್ರ ಷೇರುಪೇಟೆಯದು. ನಗಬಹುದು. ಆದರೂ ಒಂದು ಪ್ರಯೋಜನ ಉಂಟು: ಹಣ ಎತ್ತಿದ ಸಂಸ್ಥೆ ಏನು ಮಾಡಿತೆಂದು ವರ್ಷವರ್ಷ ವರದಿ ಹೊರಹಾಕಬೇಕು, ಯಾರು ಬೇಕಾದರೂ ಓದಬಹುದು. ಸಹಕಾರಿ ಬ್ಯಾಂಕಿನ ಮಹಾಸಭೆಯಲ್ಲಿ ಖಾಲಿ ಬಿದ್ದ ಪ್ರಶ್ನೆ ಕೇಳುವವನ ಕುರ್ಚಿಗೆ ಇಲ್ಲಿ ಯಾರಾದರೂ ಬಂದು ಕೂರಬಹುದೇನೋ. ಸಣ್ಣ ಸಂಸ್ಥೆಗಳಿಗೆ ಮಾತ್ರ ಆ ಕಾಗದಪತ್ರದ ಖರ್ಚೇ ಹೊರೆಯಾಗುವ ಸಂಭವ ಹೆಚ್ಚು.

ಇಷ್ಟು ಹೇಳಿದ ಮೇಲೆ ನಮ್ಮ ಕನ್ನಡ ಸಂಘಗಳನ್ನು ಬಿಡುವುದು ಸರಿಯಲ್ಲ. ಡೊಂಬಿವಲಿ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು, ಕಾಲೇಜನ್ನು ನಡೆಸುತ್ತದೆ. ಮುಂಬಯಿ ಪ್ರದೇಶದ ಇಂಥ ಸಂಸ್ಥೆಗಳ ಹಣಕಾಸು ಸಾಮಾನ್ಯವಾಗಿ ಒಂದೇ ಬಗೆಯದು. ಕನ್ನಡ ಕಲಿಸಬೇಕೆಂದು ಹುಟ್ಟಿದವು. ಇಂಗ್ಲಿಷ್ ಮಾಧ್ಯಮದ ಮತ್ತು ಕಾಲೇಜಿನ ಶುಲ್ಕ, ಸಭಾಗೃಹದಲ್ಲಿ ನಡೆಯುವ ಮದುವೆಗಳ ಬಾಡಿಗೆ, ಹೋಟೆಲ್ ಉದ್ಯಮಿಗಳ ದೇಣಿಗೆ ಇವುಗಳಿಂದ ಬದುಕಿವೆ. ಕನ್ನಡ ಮಾಧ್ಯಮದ ತರಗತಿಗಳು ಊರೂರಲ್ಲಿ ತೆಳುವಾಗುತ್ತ ಬಂದಿವೆ. ಇದು ಆದರ್ಶದ ಸೋಲು ಎಂದು ಸಭೆಗಳಲ್ಲಿ ಬೈಯುವವರನ್ನು ಕೇಳಿದ್ದೇನೆ. ಅವರ ಮೊಮ್ಮಕ್ಕಳು ಓದುವುದು ಸಿಬಿಎಸ್‌ಇ ಶಾಲೆಯಲ್ಲಿ. ನನಗೆ ಆ ಶುಲ್ಕದ ಹಣ ತಪ್ಪೆನಿಸುವುದಿಲ್ಲ. ಅದು ಪ್ರತಿ ಜೂನ್‌ನಲ್ಲೂ ಬರುತ್ತದೆ, ಯಾರ ಲೋಗೋವನ್ನೂ ಕೇಳುವುದಿಲ್ಲ, ಕೊಡುವ ಪಾಲಕರು ಪಾಠ ಸರಿಯಿಲ್ಲದಿದ್ದರೆ ಬಂದು ಜಗಳವಾಡುತ್ತಾರೆ. ಆ ಹಣದಲ್ಲಿ ಕನ್ನಡಕ್ಕೆಂದು ಇಷ್ಟು ಪಾಲು ಎಂಬ ಠರಾವು ಎಷ್ಟು ಸಂಘಗಳ ನಡಾವಳಿ ಪುಸ್ತಕದಲ್ಲಿದೆ ಎಂಬುದು ಬೇರೆ ಮಾತು. ಸೆಲ್ಕೋದಂತೆ ಎರಡು ಪೆಟ್ಟಿಗೆ ಮಾಡಿ, ಸಂಜೆಯ ಕನ್ನಡ ತರಗತಿಯ ಶಿಕ್ಷಕಿಯ ಸಂಬಳವನ್ನು ಮೊದಲು ತೆಗೆದಿಟ್ಟು, ಆಮೇಲೆ ಸುಗ್ಗಿ ಸಂಭ್ರಮದ ಪೆಂಡಾಲಿನ ಖರ್ಚು ಬರೆಯಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಇಷ್ಟನ್ನು ಸೇರಿಸಲು ಕಾರ್ಯದರ್ಶಿಗೆ ಒಂದು ಚೀಟಿ ಬರೆದುಕೊಟ್ಟರೆ ಸಾಕು.